ಗೊರಗೊರ ಅನ್ನುವ ತಂಗಿ, ಕೆಮ್ಮು ಬಿಡದ ಅಣ್ಣ

ಪ್ರಶ್ನೆ: ಡಾಕ್ಟರೇ, ನಮ್ಮದು ಚಳ್ಳಕೆರೆ ಹತ್ತಿರದ ಒಂದು ಹಳ್ಳಿ. ನನ್ನ ಮಗಳಿಗೆ ಈಗ 5 ತಿಂಗಳು. ಹುಟ್ಟಿದ ಮೂರನೇ ವಾರದಿಂದ ಉಸಿರು ಎಳೆಯುವಾಗ ಗಂಟಲಲ್ಲಿ ಗೊರಗೊರ ಶಬ್ದ ಬರುತ್ತದೆ. ಅಂಗಾತ ಮಲಗಿಸಿದರೆ, ಅತ್ತರೆ ಜಾಸ್ತಿ. ಎದೆಹಾಲು ಕುಡಿಯುವಾಗ ದಿನಕ್ಕೆ ಒಂದೆರಡು ಸಲ ನೆತ್ತಿಗೆ ಹತ್ತಿ ಕೆಮ್ಮುತ್ತಾಳೆ. ಕುಡಿದ ಮೇಲೆ ಸ್ವಲ್ಪ ಕಕ್ಕುತ್ತಾಳೆ. ಹುಟ್ಟಿದಾಗ 2.8 ಕೆ.ಜಿ. ಇದ್ದಳು, ಈಗ 6.3 ಕೆ.ಜಿ. ನಗುತ್ತಾಳೆ, ಆಡುತ್ತಾಳೆ. ನಮ್ಮ ಅತ್ತೆಯವರು ಕಫ ಕಟ್ಟಿದೆ, ನೀರು ಹಾಕುವಾಗ ಮೂಗಿಗೂ ಗಂಟಲಿಗೂ ಎಣ್ಣೆ ಬಿಟ್ಟು ತೆಗೆಯಬೇಕು ಅನ್ನುತ್ತಾರೆ. ಮುಂದಿನ ತಿಂಗಳು ರಾಗಿ ಸರಿ ಶುರು ಮಾಡಬೇಕು, ಗಂಟಲಲ್ಲಿ ಸಿಕ್ಕಿಕೊಂಡರೆ ಅಂತ ನನಗೆ ಹೆದರಿಕೆ. ಇನ್ನೊಂದು ಸಣ್ಣ ವಿಷಯ. ದೊಡ್ಡ ಮಗನಿಗೆ ಎರಡೂವರೆ ವರ್ಷ. ಮೂರು ವಾರದ ಹಿಂದೆ ಕಡಲೆಬೀಜ ತಿನ್ನುತ್ತಾ ಓಡಾಡುವಾಗ ಉಸಿರು ಸಿಕ್ಕಿಕೊಂಡು ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ಐದು ನಿಮಿಷದಲ್ಲಿ ಸರಿಹೋದ. ಆಮೇಲಿಂದ ಕೆಮ್ಮು ಬಿಟ್ಟಿಲ್ಲ. ಸಿರಪ್ ಕುಡಿಸಿದೆವು, ನೆಬ್ಯುಲೈಸರ್ ಇಡಿಸಿದೆವು, ಎಕ್ಸ್‌ರೇ ನಾರ್ಮಲ್ ಅಂದರು. ಇವನಿಗೂ ತಂಗಿಯ ಕಫವೇ ಅಂಟಿರಬಹುದಾ?

ಉತ್ತರ: ನಿಮ್ಮ ಪತ್ರಕ್ಕೆ ನಾನು ಕೊನೆಯಿಂದ ಉತ್ತರ ಶುರು ಮಾಡುತ್ತೇನೆ. ನೀವು ‘ಸಣ್ಣ ವಿಷಯ’ ಅಂತ ಬರೆದಿರುವುದು ಸಣ್ಣದಲ್ಲ. ಮಗಳ ಬಗ್ಗೆ ಐದು ತಿಂಗಳಿಂದ ಹೆದರಿದ್ದೀರಿ. ಆದರೆ ನೀವು ಬರೆದಿರುವುದನ್ನೆಲ್ಲ ಸೇರಿಸಿ ನೋಡಿದರೆ ಅವಳ ವಿಷಯದಲ್ಲಿ ಅವಸರವಿಲ್ಲ. ಅವಸರ ಇರುವುದು ಮಗನ ವಿಷಯದಲ್ಲಿ. ಅವನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಏರ್ಪಾಡು ಮಾಡಿ. ಮನೆಯಲ್ಲಿ ಯಾರಿಗಾದರೂ ಗಾಡಿ ನೋಡಲು ಹೇಳಿ, ಆಮೇಲೆ ಕೂತು ಮುಂದಿನದನ್ನು ಓದಿ.

ಎರಡೂವರೆ ವರ್ಷದ ಮಗು, ಬಾಯಲ್ಲಿ ಕಡಲೆಬೀಜ, ಓಡಾಟ, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡು ಕೆಮ್ಮು, ಆಮೇಲೆ ಬಿಡದ ಕೆಮ್ಮು. ಈ ಸಾಲು ಓದಿದ ಯಾವ ಮಕ್ಕಳ ಡಾಕ್ಟರಿಗೂ ಮೊದಲು ಬರುವ ಅನುಮಾನ ಒಂದೇ: ಬೀಜದ ಚೂರು ಉಸಿರುಕೊಳವೆಗೆ ಹೋಗಿ ಅಲ್ಲೇ ಕೂತಿದೆ. ಹೌದೋ ಅಲ್ಲವೋ ಅಂತ ಪತ್ರದಲ್ಲಿ ನಾನು ಹೇಳಲಾರೆ. ಆದರೆ ಇಲ್ಲ ಅಂತ ಖಚಿತವಾಗುವವರೆಗೆ ಇದೆ ಅಂತಲೇ ತಿಳಿದು ನಡೆಯಬೇಕು.

ಐದು ನಿಮಿಷದಲ್ಲಿ ಸರಿಹೋದನಲ್ಲ ಅಂತ ನಿಮಗೆ ಅನಿಸಿರುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಬೀಜ ಒಳಗೆ ಹೋದ ಕ್ಷಣದಲ್ಲಿ ಮಗು ಒದ್ದಾಡುತ್ತದೆ, ಕೆಮ್ಮುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಬೀಜ ದೊಡ್ಡ ಕೊಳವೆಯಿಂದ ಜಾರಿ ಒಂದು ಪಕ್ಕದ ಶ್ವಾಸಕೋಶದ ಕವಲಿಗೆ ಇಳಿಯುತ್ತದೆ. ಇನ್ನೊಂದು ಪಕ್ಕ ಪೂರ್ತಿ ತೆರೆದೇ ಇರುತ್ತದೆ, ಹಾಗಾಗಿ ಮಗು ಆರಾಮಾಗಿ ಕಾಣುತ್ತದೆ. ಕೊಳವೆಯ ಒಳಪದರಕ್ಕೂ ಆ ಬೀಜ ಸ್ವಲ್ಪ ಹೊತ್ತಿಗೆ ಒಗ್ಗಿಹೋಗುತ್ತದೆ, ಕೆಮ್ಮು ತಗ್ಗುತ್ತದೆ. ಗಂಡಾಂತರ ಕಳೆಯಿತು ಅಂತ ಮನೆಯವರು ದೇವರಿಗೆ ಕೈಮುಗಿದು ಸುಮ್ಮನಾಗುತ್ತಾರೆ. ಆ ಸುಮ್ಮನಿರುವ ಹೊತ್ತು ಕೆಲವು ಗಂಟೆ ಇರಬಹುದು, ವಾರಗಟ್ಟಲೆಯೂ ಇರಬಹುದು. ಆಮೇಲೆ ಕೆಮ್ಮು, ಸೀಟಿಯಂಥ ಉಸಿರು, ಜ್ವರ, ಮತ್ತೆ ಮತ್ತೆ ಒಂದೇ ಪಕ್ಕದ ನ್ಯುಮೋನಿಯಾ.

ಕಡಲೆಬೀಜದ ವಿಷಯ ಇನ್ನೂ ಕೆಟ್ಟದ್ದು. ನಾಣ್ಯ ಎಲ್ಲಿ ಕೂತರೂ ಹಾಗೇ ಇರುತ್ತದೆ. ಬೀಜ ಒಳಗಿನ ತೇವ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಅದರಲ್ಲಿರುವ ಎಣ್ಣೆ ಕೊಳವೆಯ ಒಳಪದರವನ್ನು ಕೆರಳಿಸಿ ಸುತ್ತಲೂ ಊತ ಬರಿಸುತ್ತದೆ. ತಡವಾದಷ್ಟೂ ಹೊರಗೆ ತೆಗೆಯುವುದು ಕಷ್ಟ, ಯಾಕೆಂದರೆ ಇಕ್ಕಳ ಹಾಕಿದರೆ ಪುಡಿಯಾಗುತ್ತದೆ.

ಎಕ್ಸ್‌ರೇ ನಾರ್ಮಲ್ ಬಂತು ಅಂದಿರಿ. ಎಕ್ಸ್‌ರೇಯಲ್ಲಿ ನಾಣ್ಯ ಕಾಣುತ್ತದೆ, ಸೂಜಿ ಕಾಣುತ್ತದೆ, ಮೂಳೆ ಕಾಣುತ್ತದೆ. ಕಡಲೆಬೀಜ ಕಾಣುವುದಿಲ್ಲ. ಒಂದು ಪಕ್ಕದಲ್ಲಿ ಗಾಳಿ ಸಿಕ್ಕಿಕೊಂಡು ಉಬ್ಬಿದ್ದರೆ ಸೂಚನೆ ಸಿಗಬಹುದು, ಅಷ್ಟೇ. ಬೀಜ ಒಳಗಿದ್ದೂ ಫಿಲ್ಮ್ ಪೂರ್ತಿ ಸರಿಯಾಗಿ ಕಾಣುವ ಮಕ್ಕಳು ಎಷ್ಟೋ ಇದ್ದಾರೆ. ಇಲ್ಲಿ ಎಕ್ಸ್‌ರೇಗಿಂತ ದೊಡ್ಡ ಪುರಾವೆ ನೀವು ಕಣ್ಣಾರೆ ನೋಡಿದ ಆ ಐದು ನಿಮಿಷ.

ಅದಕ್ಕೇ ಡಾಕ್ಟರ ಮುಂದೆ ಕೂತಾಗ ‘ಮೂರು ವಾರದಿಂದ ಕೆಮ್ಮು’ ಅಂತ ಶುರು ಮಾಡಬೇಡಿ. ‘ಕಡಲೆಬೀಜ ತಿನ್ನುವಾಗ ಉಸಿರು ಸಿಕ್ಕಿಕೊಂಡಿತು, ಅವತ್ತಿಂದ ಕೆಮ್ಮು ನಿಂತಿಲ್ಲ’ ಅಂತ ಮೊದಲ ಮಾತಾಗಿ ಹೇಳಿ. ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಗುವಿಗೆ ಎರಡು ಸಲ ನ್ಯುಮೋನಿಯಾ ಅಂತ ಔಷಧಿ ಕೊಟ್ಟು ಕಳಿಸಿದ್ದೆ. ಎರಡು ಸಲವೂ ಬಲಗಡೆಯೇ. ಮೂರನೇ ಸಲ ಬಂದಾಗ ಅಜ್ಜಿ ಮಾತಿನ ಮಧ್ಯೆ ‘ಹುಣಸೆಬೀಜ ಇಟ್ಟುಕೊಂಡು ಆಡುತ್ತಿದ್ದಾಗ ಒಂದು ಸಲ ತುಂಬಾ ಕೆಮ್ಮಿದ್ದ’ ಅಂದರು. ಎರಡು ತಿಂಗಳ ಹಿಂದಿನ ಮಾತು. ಯಾರೂ ಕೇಳಿರಲಿಲ್ಲ, ಹಾಗಾಗಿ ಅವರೂ ಹೇಳಿರಲಿಲ್ಲ. ಕೇಳಬೇಕಾಗಿದ್ದವನು ನಾನು. ಬೀಜ ತೆಗೆದ ಮೇಲೆ ಮಗು ಚೆನ್ನಾಗಿ ಆಯಿತು. ಆದರೆ ಆ ಎರಡು ತಿಂಗಳು ಅದು ಪಟ್ಟ ಪಾಡು ನನಗೆ ಇವತ್ತಿಗೂ ನೆನಪಿದೆ. ಅವತ್ತಿನಿಂದ ಕೆಮ್ಮಿನ ಮಗು ಬಂದರೆ ನನ್ನ ಎರಡನೇ ಪ್ರಶ್ನೆಯೇ ಇದು: ಏನಾದರೂ ತಿನ್ನುವಾಗ, ಆಡುವಾಗ ಉಸಿರು ಸಿಕ್ಕಿಕೊಂಡಿತ್ತಾ?

ಈಗ ಎಲ್ಲಿಗೆ ಹೋಗಬೇಕು ಅನ್ನುವುದು. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರನ್ನೋ ಇಎನ್‌ಟಿ ಡಾಕ್ಟರನ್ನೋ ನೋಡಿ. ಮಕ್ಕಳಿಗೆ ಬ್ರಾಂಕೋಸ್ಕೋಪಿ ಮಾಡುವ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಇಲ್ಲ ಅಂದರೆ ಅವರೇ ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಜಾಗಕ್ಕೋ ಬರೆದುಕೊಡುತ್ತಾರೆ. ಬ್ರಾಂಕೋಸ್ಕೋಪಿ ಅಂದರೆ ಮಗುವಿಗೆ ಪೂರ್ತಿ ನಿದ್ದೆ ಬರಿಸಿ, ಬೆಳಕಿರುವ ಸಣ್ಣ ಕೊಳವೆಯನ್ನು ಬಾಯಿಂದ ಉಸಿರುಕೊಳವೆಗೆ ಇಳಿಸಿ, ಒಳಗಿರುವುದನ್ನು ಇಕ್ಕಳದಿಂದ ಹಿಡಿದು ತೆಗೆಯುವುದು. ಹೊಟ್ಟೆ, ಎದೆ ಎಲ್ಲೂ ಕೊಯ್ಯುವುದಿಲ್ಲ. ತೊಂದರೆಯಾಗದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಕೆಲವೊಮ್ಮೆ ಒಳಗೆ ನೋಡಿದರೆ ಏನೂ ಸಿಗುವುದಿಲ್ಲ. ಸುಮ್ನೆ ಮಾಡಿಸಿದೆವು ಅಂತ ಆಗ ಬೇಜಾರು ಮಾಡಿಕೊಳ್ಳಬೇಡಿ. ಬೀಜ ಇಟ್ಟುಕೊಂಡು ತಿಂಗಳು ಕಾಯುವುದಕ್ಕಿಂತ, ನೋಡಿ ಇಲ್ಲ ಅನ್ನಿಸಿಕೊಳ್ಳುವುದು ಸಾವಿರ ಪಾಲು ವಾಸಿ.

ಇದು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಮ್ಯೂಟರ್ ಮ್ಯೂಸಿಯಂನಲ್ಲಿ ಡಾ. ಷೆವಲಿಯರ್ ಜಾಕ್ಸನ್ ಅನ್ನುವ ವೈದ್ಯರು ಜನರ ಗಂಟಲು, ಅನ್ನನಾಳ, ಉಸಿರುಕೊಳವೆಗಳಿಂದ ತೆಗೆದ 2,000ಕ್ಕೂ ಹೆಚ್ಚು ವಸ್ತುಗಳನ್ನು ಡ್ರಾಯರುಗಳಲ್ಲಿ ಜೋಡಿಸಿಟ್ಟಿದ್ದಾರೆ. ಪಿನ್ನು, ಗುಂಡಿ, ನಾಣ್ಯ, ಬೀಜ. ಜಾಕ್ಸನ್ ತೀರಿಕೊಂಡಿದ್ದು 1958ರಲ್ಲಿ. ಅವರು ಬಳಕೆಗೆ ತಂದ ಬೆಳಕಿನ ಕೊಳವೆಯ ಉಪಾಯವನ್ನೇ ಇನ್ನೂ ಸುಧಾರಿಸಿಕೊಂಡು ನಾವು ಬಳಸುತ್ತಿದ್ದೇವೆ.

ಈಗ ಮಗಳ ವಿಷಯ.

ಉಸಿರಿನ ದಾರಿ ಮತ್ತು ಅನ್ನದ ದಾರಿ ಗಂಟಲಲ್ಲಿ ಒಂದೇ ಕಡೆ ಸೇರಿ ಮತ್ತೆ ಬೇರೆಯಾಗುತ್ತವೆ. ನುಂಗುವಾಗಲೆಲ್ಲ ಉಸಿರು ಒಂದು ಕ್ಷಣ ನಿಲ್ಲಬೇಕು, ಉಸಿರುಕೊಳವೆಯ ಬಾಯಿ ಮುಚ್ಚಿಕೊಳ್ಳಬೇಕು. ದೊಡ್ಡವರಿಗೂ ಮಾತಾಡುತ್ತಾ ಊಟ ಮಾಡಿದರೆ ನೆತ್ತಿಗೆ ಹತ್ತುತ್ತದೆ, ಅಲ್ವಾ? ಯಾರೋ ನೆನೆಸಿಕೊಂಡರು ಅಂತ ನೀರು ಕುಡಿಯುತ್ತೇವೆ. ಎಳೆಗೂಸಿಗೆ ಈ ಕೆಲಸ ನೂರು ಪಾಲು ಕಷ್ಟ. ಚೀಪಬೇಕು, ನುಂಗಬೇಕು, ಉಸಿರಾಡಬೇಕು, ಸರದಿ ತಪ್ಪಬಾರದು. ಗರ್ಭದಲ್ಲಿ ಸುಮಾರು 34 ವಾರ ತುಂಬುವ ಹೊತ್ತಿಗೆ ಈ ಸರದಿ ಕೂಡಿಬರುತ್ತದೆ. ಅದಕ್ಕೂ ಮೊದಲು ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಯಲ್ಲಿ ನಳಿಕೆಯಿಂದ ಹಾಲು ಕೊಡುವುದು ಇದಕ್ಕೇ.

ನಿಮ್ಮ ಮಗಳ ಲಕ್ಷಣಗಳು ಹೆಚ್ಚಾಗಿ ಲ್ಯಾರಿಂಗೋಮಲೇಶಿಯಾ ಅನ್ನುವುದಕ್ಕೆ ಹೊಂದುತ್ತವೆ. ಹೆಸರು ದೊಡ್ಡದು, ವಿಷಯ ಸರಳ. ಧ್ವನಿಪೆಟ್ಟಿಗೆಯ ಮೇಲ್ಭಾಗ ಇನ್ನೂ ಎಳೆಯದು, ಮೆತ್ತಗಿದೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಎಳೆದರೆ ಒಳಗೆ ಅಂಟಿಕೊಳ್ಳುತ್ತದಲ್ಲ, ಹಾಗೆ. ಕೂಸು ಉಸಿರು ಒಳಗೆ ಎಳೆದಾಗ ಆ ಮೆತ್ತನೆಯ ಭಾಗ ಒಳಕ್ಕೆ ಬಾಗುತ್ತದೆ, ಶಬ್ದ ಬರುತ್ತದೆ. ಬಿಡುವಾಗ ಶಬ್ದವಿಲ್ಲ. ಅಳುವಾಗ ಜೋರಾಗಿ ಎಳೆಯುವುದರಿಂದ ಶಬ್ದವೂ ಜಾಸ್ತಿ. ಅಂಗಾತ ಮಲಗಿದಾಗ ಭಾರ ಹಿಂದಕ್ಕೆ ಬೀಳುವುದರಿಂದ ಆಗಲೂ ಜಾಸ್ತಿ. ಹುಟ್ಟಿದ ಎರಡು ಮೂರು ವಾರಕ್ಕೆ ಶುರುವಾಗುವುದು ಇದರ ಲಕ್ಷಣವೇ. ಕೂಸುಗಳಲ್ಲಿ ಇಂಥ ಶಬ್ದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣವೂ ಇದೇ. ಆರೇಳು ತಿಂಗಳವರೆಗೆ ಏರಿ, ಆಮೇಲೆ ಇಳಿಯುತ್ತಾ, ಹೆಚ್ಚಿನ ಮಕ್ಕಳಲ್ಲಿ ಒಂದೂವರೆ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಹಾಗಾಗಿ ಮುಂದಿನ ಒಂದೆರಡು ತಿಂಗಳಲ್ಲಿ ಶಬ್ದ ಇನ್ನೂ ಸ್ವಲ್ಪ ಜಾಸ್ತಿ ಆದರೆ, ಅವಳು ಚೆನ್ನಾಗಿ ಕುಡಿಯುತ್ತಾ ಬೆಳೆಯುತ್ತಿದ್ದರೆ, ಗಾಬರಿ ಬೇಡ.

ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದು ನೀವು ಬರೆದ ತೂಕ. 2.8 ಇದ್ದದ್ದು 5 ತಿಂಗಳಿಗೆ 6.3. ಹುಟ್ಟಿದ ತೂಕದ ಎರಡು ಪಟ್ಟು ದಾಟಿದೆ. ಉಸಿರಾಡಲು ನಿಜಕ್ಕೂ ಕಷ್ಟಪಡುವ ಕೂಸು ಹೀಗೆ ತೂಕ ಹಾಕುವುದಿಲ್ಲ. ಅದು ಎರಡು ಗುಟುಕು ಕುಡಿದು ಬಿಡುತ್ತದೆ, ಬೆವರುತ್ತದೆ, ಸುಸ್ತಾಗಿ ನಿದ್ದೆ ಹೋಗುತ್ತದೆ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಚಪ್ಪಟೆಯಾಗುತ್ತದೆ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ಹಾಕಿಸಿ, ಆ ಗೆರೆ ನೋಡುತ್ತಿರಿ. ಶಬ್ದಕ್ಕಿಂತ ಆ ಗೆರೆಯನ್ನು ನಂಬಿ.

ಹಾಗಂತ ಒಂದು ಸಲವೂ ತೋರಿಸದೆ ಇರಬೇಡಿ. ಇಎನ್‌ಟಿ ಡಾಕ್ಟರು ಮೂಗಿನಿಂದ ನೂಲಿನಂಥ ಸಣ್ಣ ಕ್ಯಾಮರಾ ಇಳಿಸಿ ನೋಡಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಿದ್ದೆ ಬರಿಸುವ ಅಗತ್ಯವೂ ಇಲ್ಲ, ಮಡಿಲಲ್ಲಿ ಹಿಡಿದುಕೊಂಡರೆ ಸಾಕು. ಇಂಥ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಪರೇಷನ್ ಬೇಕಾಗಬಹುದು. ಯಾರಿಗೆ ಅಂದರೆ ತೂಕ ಏರದವರಿಗೆ, ಮಲಗಿದ್ದಾಗ ಉಸಿರು ನಿಲ್ಲುವವರಿಗೆ, ತುಟಿ ನೀಲಿಯಾಗುವವರಿಗೆ. ಶಬ್ದ ಉಸಿರು ಬಿಡುವಾಗಲೂ ಬಂದರೆ, ಅಳುವ ದನಿ ಒಡೆದಂತಿದ್ದರೆ, ವಾರದಿಂದ ವಾರಕ್ಕೆ ಹದಗೆಡುತ್ತಿದ್ದರೆ ಕಾರಣ ಬೇರೆ ಇರಬಹುದು. ಇನ್ನೊಂದು, ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು: ಗಲ್ಲ, ಕೆಳತುಟಿ, ಕತ್ತಿನ ಹತ್ತಿರ ಬೆಳೆಯುತ್ತಿರುವ ಕೆಂಪು ಮಚ್ಚೆ ಇರುವ ಕೂಸಿಗೆ ಇಂಥ ಶಬ್ದ ಬಂದರೆ ಉಸಿರುಕೊಳವೆಯ ಒಳಗೂ ಅಂಥದ್ದೇ ಗಂಟು ಇರಬಹುದು. ಅದನ್ನು ಕೂಡಲೇ ತೋರಿಸಬೇಕು.

ಹಾಲು ಕುಡಿಯುವಾಗ ನೆತ್ತಿಗೆ ಹತ್ತುವುದು ದಿನಕ್ಕೆ ಒಂದೆರಡು ಸಲ ಅಂದಿರಿ. ಅದು ಹೆಚ್ಚಾಗಿ ನಿಮ್ಮ ಹಾಲು ಮೊದಲ ನಿಮಿಷಗಳಲ್ಲಿ ಜೋರಾಗಿ ಇಳಿಯುವುದರಿಂದ ಇರಬಹುದು. ಪೂರ್ತಿ ಮಲಗಿಸಿ ಕುಡಿಸಬೇಡಿ. ತಲೆ ಎತ್ತರದಲ್ಲಿರಲಿ, ನೀವು ಸ್ವಲ್ಪ ಹಿಂದಕ್ಕೆ ಒರಗಿ ಕೂತುಕೊಳ್ಳಿ, ಆಗ ಹಾಲು ರಭಸವಾಗಿ ಬರುವುದಿಲ್ಲ. ಕೆಮ್ಮಿದರೆ ಬಿಡಿಸಿ, ನೆಟ್ಟಗೆ ಎತ್ತಿಕೊಳ್ಳಿ, ಉಸಿರು ಸುಧಾರಿಸಿಕೊಳ್ಳಲಿ. ಕುಡಿದ ಮೇಲೆ ತೇಗು ಬರಿಸಿ, ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ಹಾಕಿಕೊಂಡಿರಿ. ಕಕ್ಕುವುದು ನಾಲ್ಕು ಐದು ತಿಂಗಳಲ್ಲಿ ಹೆಚ್ಚಿನ ಕೂಸುಗಳಲ್ಲಿ ಜಾಸ್ತಿ. ಹೊಟ್ಟೆಯ ಬಾಯಿ ಬಿಗಿಯಾಗುತ್ತಾ ಬಂದಂತೆ, ಸಾಮಾನ್ಯವಾಗಿ ಒಂದು ವರ್ಷದ ಹೊತ್ತಿಗೆ, ನಿಲ್ಲುತ್ತದೆ. ಕಕ್ಕಿದ್ದು ಹಸಿರಾಗಿದ್ದರೆ, ರಕ್ತ ಇದ್ದರೆ, ದೂರ ಚಿಮ್ಮುತ್ತಿದ್ದರೆ ಮಾತ್ರ ತಡಮಾಡದೆ ತೋರಿಸಿ. ಬೋರಲು ಮಲಗಿಸಿದರೆ ಶಬ್ದ ಕಡಿಮೆಯಾಗುವುದು ನಿಜ. ಆದರೂ ನಿದ್ದೆಗೆ ಅಂಗಾತವೇ ಮಲಗಿಸಿ. ಬೋರಲು ಮಲಗಿದ ಕೂಸಿಗೆ ನಿದ್ದೆಯಲ್ಲೇ ಉಸಿರು ನಿಲ್ಲುವ ಅಪಾಯ ಜಾಸ್ತಿ. ಎಚ್ಚರವಿದ್ದಾಗ, ನೀವು ಮುಂದೆ ಕೂತಿದ್ದಾಗ ಬೋರಲು ಆಡಿಸಿ, ತೊಂದರೆ ಇಲ್ಲ.

ಪ್ರತಿ ಸಲ ಕುಡಿದಾಗಲೂ ಕೆಮ್ಮು, ಕುಡಿದ ಮೇಲೆ ದನಿ ಒದ್ದೆಯಾದಂತೆ, ಮತ್ತೆ ಮತ್ತೆ ನ್ಯುಮೋನಿಯಾ. ಇದು ಬೇರೆ ಕಥೆ. ಅಲ್ಲಿ ಹಾಲು ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ಅವಧಿಗೆ ಮುಂಚೆ ಹುಟ್ಟಿದವರು, ಸೀಳು ಅಂಗುಳಿನವರು, ಮಿದುಳಿನ ತೊಂದರೆ ಇರುವ ಮಕ್ಕಳಲ್ಲಿ ಇದು ಜಾಸ್ತಿ. ಕೆಲವು ಕೂಸುಗಳು ಕೆಮ್ಮದೆಯೇ ಹಾಲನ್ನು ಒಳಗೆ ಎಳೆದುಕೊಳ್ಳುತ್ತವೆ. ಇದಕ್ಕೆ ನುಂಗುವುದನ್ನು ಎಕ್ಸ್‌ರೇ ವೀಡಿಯೊದಲ್ಲಿ ನೋಡುವ ಪರೀಕ್ಷೆ ಇದೆ, ನುಂಗಲು ತರಬೇತಿ ಕೊಡುವ ಥೆರಪಿಸ್ಟರೂ ಇದ್ದಾರೆ. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಿವಿ, ಮಾತಿನ ಆಸ್ಪತ್ರೆ ಅಂತಲೇ ಜನಕ್ಕೆ ಗೊತ್ತು. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೂ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನಿಮ್ಮ ಮಗಳಿಗೆ ಇದು ಬೇಕಾಗುವಂತೆ ನನಗೆ ಕಾಣುತ್ತಿಲ್ಲ.

ಇನ್ನು ಅತ್ತೆಯವರ ಎಣ್ಣೆ. ಅವರ ಮೇಲೆ ಸಿಟ್ಟಾಗಬೇಡಿ. ಅವರ ಕೈಯಲ್ಲಿ ಎಷ್ಟು ಮಕ್ಕಳು ಬೆಳೆದಿವೆಯೋ. ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು, ಮೈಗೆಲ್ಲ ಎಣ್ಣೆ ತೀಡಿ ನೀರು ಹಾಕುವುದು ಕೂಸಿಗೂ ಹಿತ, ಅಜ್ಜಿಗೂ ಹಿತ. ಅದು ಮುಂದುವರಿಯಲಿ. ಮೂಗಿಗೆ, ಗಂಟಲಿಗೆ ಮಾತ್ರ ಒಂದು ಹನಿಯೂ ಬೇಡ. ನೀರು ತಪ್ಪು ದಾರಿಗೆ ಹೋದರೆ ಕೂಸು ಕೆಮ್ಮುತ್ತದೆ. ಎಣ್ಣೆ ನುಣುಪು, ಕೆಮ್ಮು ಬರಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಜಾರುತ್ತದೆ. ಅಲ್ಲಿಂದ ಅದನ್ನು ಹೊರಹಾಕುವುದು ದೇಹಕ್ಕೆ ತುಂಬಾ ಕಷ್ಟ. ಎಣ್ಣೆಯಿಂದಲೇ ಬರುವ ನ್ಯುಮೋನಿಯಾ ಅಂತ ಒಂದಿದೆ. ತಿಂಗಳುಗಟ್ಟಲೆ ವಾಸಿಯಾಗುವುದಿಲ್ಲ, ಆಂಟಿಬಯೋಟಿಕ್‌ಗೂ ಬಗ್ಗುವುದಿಲ್ಲ. ಅಳುವ ಕೂಸಿನ ಬಾಯಿಗೆ ಹರಳೆಣ್ಣೆ ಸುರಿಯುವುದೂ ಅಷ್ಟೇ ಅಪಾಯ. ಬೆರಳು ಹಾಕಿ ಕಫ ತೆಗೆಯುವುದೂ ಬೇಡ, ಮೂಗಿಗೆ ಬಾಯಿಟ್ಟು ಊದುವುದೂ ಬೇಡ. ಅತ್ತೆಯವರಿಗೆ ‘ಇದು ಕಫ ಅಲ್ಲವಂತೆ, ಗಂಟಲು ಇನ್ನೂ ಎಳೆಯದಂತೆ, ಬಲಿಯುತ್ತಾ ಹೋಗುತ್ತಂತೆ’ ಅಂತ ಹೇಳಿ. ಎಳೆಯದು ಬಲಿಯುತ್ತದೆ ಅನ್ನುವ ಮಾತು ಅವರಿಗೆ ತಕ್ಷಣ ಹಿಡಿಸುತ್ತದೆ. ಮೂಗು ಕಟ್ಟಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಕರ್ಪೂರ ಸೇರಿದ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ.

ಒಳಲೆಯ ವಿಷಯಕ್ಕೂ ಒಂದು ಮಾತು. ಕೂಸಿಗೆ ಹಾಲು ಕುಡಿಸುವ, ಮೂತಿ ಇರುವ ಆ ಸಣ್ಣ ಬಟ್ಟಲು ಕೆಟ್ಟದ್ದಲ್ಲ. ಕೂಸನ್ನು ಅರ್ಧ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದೇ ಹೀರಿಕೊಳ್ಳುವಷ್ಟು ಬಗ್ಗಿಸಿದರೆ ಸರಿ. ಕಾಲಮೇಲೆ ಮಲಗಿಸಿ, ಮೂಗು ಹಿಡಿದು, ಬಾಯಿ ತೆರೆದಾಗ ಸುರಿಯುವುದು ಮಾತ್ರ ಬೇಡವೇ ಬೇಡ. ಮುಂದಿನ ತಿಂಗಳು ರಾಗಿ ಸರಿಗೂ ಇದೇ ಮಾತು. ಕೂರಿಸಿಕೊಂಡು ತಿನ್ನಿಸಿ. ಕತ್ತು ನಿಂತಿರಬೇಕು, ಚಮಚ ಕಂಡರೆ ತಾನೇ ಬಾಯಿ ತೆರೆಯಬೇಕು. ಚಮಚ ಬಗ್ಗಿಸಿದರೆ ಸುರಿಯದೆ ನಿಲ್ಲುವಷ್ಟು ಗಟ್ಟಿ ಇರಲಿ. ತೆಳ್ಳಗೆ ಮಾಡಿದರೆ ಸುಲಭ ಅಂತ ಅನಿಸುತ್ತದೆ, ಆದರೆ ನೀರಾಗಿದ್ದಷ್ಟೂ ತಪ್ಪು ದಾರಿಗೆ ಬೇಗ ಹರಿಯುತ್ತದೆ.

ಮೊದಲ ದಿನಗಳಲ್ಲಿ ಓಕರಿಸುತ್ತಾಳೆ. ನಾಲಿಗೆ ಹೊರಗೆ ಹಾಕುತ್ತಾಳೆ, ಮುಖ ಕೆಂಪಾಗುತ್ತದೆ, ಸದ್ದು ಮಾಡುತ್ತಾಳೆ. ಅದು ಉಸಿರುಗಟ್ಟುವುದಲ್ಲ, ಗಂಟಲು ತನ್ನನ್ನು ತಾನು ಕಾಯುವ ರೀತಿ. ಸುಮ್ಮನೆ ನೋಡುತ್ತಿರಿ, ಅವಳೇ ಮುಂದಕ್ಕೆ ತಂದುಕೊಳ್ಳುತ್ತಾಳೆ. ಹೆದರಬೇಕಾದದ್ದು ಸದ್ದಿಲ್ಲದಿರುವುದಕ್ಕೆ. ಬಾಯಿ ತೆರೆದಿದೆ, ಅಳು ಬರುತ್ತಿಲ್ಲ, ಕೆಮ್ಮು ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಉಸಿರಿನ ದಾರಿ ಮುಚ್ಚಿದೆ.

ಆಗ ಮಾಡಬೇಕಾದ್ದನ್ನು ಮನೆಯಲ್ಲಿ ಎಲ್ಲರೂ ಕಲಿತಿರಬೇಕು, ಅತ್ತೆಯವರೂ ಸೇರಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಏನೂ ಮಾಡಬೇಡಿ, ಕೆಮ್ಮಲು ಬಿಡಿ. ಕೆಮ್ಮಿಗಿಂತ ಒಳ್ಳೆಯ ಉಪಾಯ ನಮ್ಮ ಹತ್ತಿರ ಇಲ್ಲ. ಸದ್ದು ನಿಂತರೆ ಮಾತ್ರ ಕೈಹಾಕಿ. ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಹಾಕಿಕೊಳ್ಳಿ, ದವಡೆಯನ್ನು ಬೆರಳಿಂದ ಹಿಡಿದಿರಿ, ತಲೆ ಮೈಗಿಂತ ಕೆಳಗಿರಲಿ. ಅಂಗೈಯ ಬುಡದಿಂದ ಎರಡು ರೆಕ್ಕೆಮೂಳೆಗಳ ನಡುವೆ 5 ಸಲ ಗಟ್ಟಿಯಾಗಿ ಬಡಿಯಿರಿ. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಟ್ಟನಡುವೆ, ಮೊಲೆತೊಟ್ಟಿನ ಗೆರೆಗಿಂತ ಸ್ವಲ್ಪ ಕೆಳಗೆ 5 ಸಲ ಒತ್ತಿ. ಹೊಟ್ಟೆ ಒತ್ತಬೇಡಿ. ಹೊರಗೆ ಬರುವವರೆಗೆ ಹೀಗೇ ತಿರುಗಿಸಿ ತಿರುಗಿಸಿ ಮಾಡಿ. ಒಂದು ವರ್ಷ ದಾಟಿದ ಮಗುವಾದರೆ ಮುಂದಕ್ಕೆ ಬಗ್ಗಿಸಿ 5 ಸಲ ಬೆನ್ನಿಗೆ ಬಡಿಯಿರಿ. ಆಮೇಲೆ ಹಿಂದೆ ಮಂಡಿಯೂರಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಜೋರಾಗಿ ಸೆಳೆಯಿರಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಿ. ಇಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಬೇಕು. ಹೊಟ್ಟೆ ಸೆಳೆದು ಸರಿಹೋಗಿದ್ದರೂ ಆಮೇಲೆ ಡಾಕ್ಟರಿಗೆ ಒಮ್ಮೆ ತೋರಿಸಿ.

ನೆತ್ತಿ ತಟ್ಟುವುದರಿಂದ ಏನೂ ಆಗುವುದಿಲ್ಲ, ಹೊತ್ತು ಕಳೆಯುತ್ತದೆ. ನೀರು ಕುಡಿಸುವುದು, ಬಾಳೆಹಣ್ಣು ನುಂಗಿಸುವುದು, ಕಾಲು ಹಿಡಿದು ತಲೆಕೆಳಗೆ ಅಲ್ಲಾಡಿಸುವುದು ಬೇಡ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಹುಡುಕುವುದಂತೂ ಬೇಡವೇ ಬೇಡ, ಇನ್ನೂ ಒಳಗೆ ತಳ್ಳಿಬಿಡುತ್ತೀರಿ.

ನಿಮ್ಮ ಕಡೆ ಕಡಲೆಕಾಯಿ ಹೊಲದ ಬೆಳೆ, ಮನೆಯಲ್ಲಿ ಮೂಟೆ ಮೂಟೆ ಇರುತ್ತದೆ. ಮಕ್ಕಳಿಗೆ ಕೊಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಆಹಾರ ಅದು. ಇಡೀ ಬೀಜ, ಅರ್ಧ ಬೀಜ ಬೇಡ, ಅಷ್ಟೇ. ಐದು ವರ್ಷ ತುಂಬುವವರೆಗೆ ನುಣ್ಣಗೆ ಪುಡಿ ಮಾಡಿ, ಚಟ್ನಿ ಮಾಡಿ ಕೊಡಿ. ಎರಡೂವರೆ ವರ್ಷಕ್ಕೆ ಹಿಂದಿನ ದವಡೆಹಲ್ಲು ಈಗಷ್ಟೇ ಬರುತ್ತಿರುತ್ತವೆ. ಮುಂದಿನ ಹಲ್ಲಿನಿಂದ ಬೀಜವನ್ನು ಎರಡು ಹೋಳು ಮಾಡುತ್ತಾನೆ, ಅರೆಯಲು ಬರುವುದಿಲ್ಲ. ಆ ನುಣುಪಾದ ಹೋಳು ಬಾಯಲ್ಲಿರುವಾಗ ಓಡಿ, ನಕ್ಕು, ಅತ್ತರೆ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹುರಿಗಡಲೆ, ಕೊಬ್ಬರಿ ಚೂರು, ಸೀತಾಫಲದ ಬೀಜ, ಹುಣಸೆಬೀಜ, ಹಸಿ ಕ್ಯಾರೆಟ್, ಇಡೀ ದ್ರಾಕ್ಷಿ ಎಲ್ಲವೂ ಹೀಗೇ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿ ಕೊಡಿ.

ಸಂಕ್ರಾಂತಿ ನೆನೆದರೆ ನನಗೆ ಭಯವಾಗುತ್ತದೆ. ಎಳ್ಳುಬೆಲ್ಲದಲ್ಲಿ ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಮೂರೂ ಇವೆ. ಮನೆಗೆ ಬಂದವರೆಲ್ಲ ಪ್ರೀತಿಯಿಂದ ಮಗುವಿನ ಬಾಯಿಗೇ ಹಾಕುತ್ತಾರೆ. ಅದೇ ದಿನ ಸಂಜೆ ಮಕ್ಕಳನ್ನು ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆಮೇಲೆ ಎರೆಯುತ್ತಾರೆ. ಚೆಂದದ ಶಾಸ್ತ್ರ, ಬಿಡಬೇಡಿ. ಎರೆದ ಮೇಲೆ ನೆಲದಲ್ಲಿ ಬಿದ್ದದ್ದನ್ನೆಲ್ಲ ಮೊದಲು ದೊಡ್ಡವರು ಆರಿಸಿಕೊಳ್ಳಿ. ಎಳ್ಳುಬೆಲ್ಲವನ್ನು ಸಣ್ಣವರಿಗೆ ಮಿಕ್ಸಿಯಲ್ಲಿ ಪುಡಿ ಮಾಡಿ ಬೇರೆ ಡಬ್ಬದಲ್ಲಿಡಿ. ಹಬ್ಬವೂ ಆಯಿತು, ಮಗುವೂ ಕ್ಷೇಮ.

ಕಾಸು ನುಂಗಿದರೆ ಅದು ಹೆಚ್ಚಾಗಿ ಅನ್ನನಾಳಕ್ಕೆ ಹೋಗುತ್ತದೆ. ಮಗು ಜೊಲ್ಲು ಸುರಿಸುತ್ತದೆ, ಊಟ ಬೇಡ ಅನ್ನುತ್ತದೆ. ಅನ್ನನಾಳದ ಮುಂದೆಯೇ ಉಸಿರುಕೊಳವೆ ಇರುವುದರಿಂದ ದೊಡ್ಡ ಕಾಸು ಒತ್ತಿ ಉಸಿರಿಗೂ ತೊಂದರೆ ಕೊಡಬಹುದು. ಎಕ್ಸ್‌ರೇ ತೆಗೆಸಿ, ಎಲ್ಲಿದೆ ಅಂತ ತಿಳಿದುಕೊಳ್ಳಬೇಕು. ಗುಂಡಿಯಂಥ ಸಣ್ಣ ಬ್ಯಾಟರಿ ನುಂಗಿದರೆ ಒಂದು ನಿಮಿಷವೂ ಕಾಯಬಾರದು. ರಿಮೋಟು, ಆಟದ ಸಾಮಾನು, ಮಿಣಮಿಣ ದೀಪಗಳಲ್ಲೆಲ್ಲ ಅದು ಇರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಓಡಿ.

ಇಬ್ಬರಲ್ಲಿ ಯಾರಿಗೇ ನೆಗಡಿ ಕೆಮ್ಮು ಬಂದರೂ ಉಸಿರು ಎಣಿಸಲು ಕಲಿಯಿರಿ. ಮಗು ಮಲಗಿದ್ದಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ನೋಡಿಕೊಂಡು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಪಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರದೆ ಹೊರಡಿ.

ಈಗ ಮಗನನ್ನು ಹೊರಡಿಸಿ. ಹಳೆಯ ಎಕ್ಸ್‌ರೇ ಫಿಲ್ಮು, ಕೊಟ್ಟ ಔಷಧಿಗಳ ಚೀಟಿ ಜೊತೆಗಿರಲಿ. ದಾರಿಯಲ್ಲಿ ಬಿಸ್ಕತ್ತು, ತಿಂಡಿ ಕೊಡಿಸಬೇಡಿ, ನಿದ್ದೆ ಬರಿಸಬೇಕಾದರೆ ಹೊಟ್ಟೆ ಖಾಲಿ ಇರಬೇಕಾಗುತ್ತದೆ. ಕೊನೆಯ ಸಲ ಎಷ್ಟು ಗಂಟೆಗೆ ಏನು ತಿಂದ ಅಂತ ಬರೆದಿಟ್ಟುಕೊಳ್ಳಿ. ಬೆನ್ನು ಬಡಿಯುವುದು, ತಲೆಕೆಳಗು ಮಾಡುವುದು ಈಗ ಬೇಡ. ಕೂತ ಬೀಜ ಸರಿದು ದೊಡ್ಡ ಕೊಳವೆಗೆ ಅಡ್ಡ ಬಂದರೆ ಕಷ್ಟ. ದಾರಿಯಲ್ಲಿ ಇದ್ದಕ್ಕಿದ್ದಂತೆ ಉಸಿರು ಬಿಗಿಯಾದರೆ 108ಕ್ಕೆ ಫೋನ್ ಮಾಡಿ. ಹಾಲು ಕುಡಿಯುವ ಮಗಳನ್ನು ಹೇಗೂ ಜೊತೆಗೆ ಕರೆದುಕೊಂಡು ಹೋಗಬೇಕಲ್ಲ, ಮಗನ ಕೆಲಸ ಮುಗಿದ ಮೇಲೆ ಅದೇ ಇಎನ್‌ಟಿ ಡಾಕ್ಟರಿಗೆ ಅವಳ ಗಂಟಲನ್ನೂ ಒಮ್ಮೆ ತೋರಿಸಿ.